ಮುಂಬಾಗಿಲಿಂದಲೇ ಬರ್ತೀನಿ

“ಇಳಿಸಿ.”

ನಿಸರ್ಗ ಕೂಗಲಿಲ್ಲ. ಆದರೂ ಆ ಒಂದು ಮಾತಿಗೆ ವಾಲಗದವರು ಕೂಡ ಊದುವುದನ್ನು ನಿಲ್ಲಿಸಿಬಿಟ್ಟರು.

ಅವಳ ಗಾಲಿಕುರ್ಚಿ ನೆಲ ಬಿಟ್ಟು ಮೇಲಕ್ಕೆದ್ದಿತ್ತು. ಒಂದು ಕಡೆ ಹಿಡಿದವನು ಮೂಟೆ ಹೊರುವ ನಟರಾಜು. ಇನ್ನೊಂದು ಕಡೆ ಅವಳು ಹಿಂದೆಂದೂ ನೋಡಿರದ ನೀಲಿ ಅಂಗಿಯ ಯುವಕ. ಅವನ ಮುಖದಲ್ಲಿ ಉಪಕಾರ ಮಾಡುತ್ತಿರುವವರ ನಗು ಬೇರೆ!

“ಹೊಸ್ತಿಲು ಎತ್ತರ ಇದೆ ಮೇಡಂ, ಅದಕ್ಕೇ...”

“ನನ್ನನ್ನ ಕೇಳಿದ್ರಾ?”

“ಇಲ್ಲ...”

“ಹಾಗಾದ್ರೆ ಇಳಿಸಿ.”

ಇಳಿಸಿದರು, ಬಾಗಿಲಿನ ಹೊರಗೇ. ನಗು ಹೋಗಿ ಯುವಕನ ಮುಖ ಕೆಂಪಗಾಯಿತು. ಅವನ ಹೆಸರು ಪೃಥ್ವಿರಾಜ್. ಅರಕಲಗೂಡಿನವನು, ಸಿವಿಲ್ ಎಂಜಿನಿಯರ್. ಆ ದಿನ ಪೂಜೆಯಾಗುತ್ತಿದ್ದ ಆ ಹೊಸ ಆಫೀಸನ್ನು ಕಟ್ಟಿಸಿದವನು ಅವನೇ.

ಹಾಸನದ ಹೊರಗಿನ ಈ ಆಲೂಗಡ್ಡೆ ಕೋಲ್ಡ್ ಸ್ಟೋರೇಜಿನಲ್ಲಿ ಬಿತ್ತನೆ ಗಡ್ಡೆಗೆ ಬರುವ ರೈತರಿಗೆ ಟೋಕನ್ ಕೊಡುವವಳು ನಿಸರ್ಗ. ಊರು ಹಿರೀಸಾವೆ. ಕಾಲೇಜಿಗೆ ಹೋಗುವಾಗ ಬೈಕಿನಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ ಕಾಲುಗಳು ಸುಮ್ಮನಾದವು. ಅವಳು ಮಾತ್ರ ಸುಮ್ಮನಾಗಲಿಲ್ಲ. ಹಳೆಯ ಆಫೀಸು ತಗಡಿನ ಶೆಡ್ಡಾಗಿತ್ತು, ನೆಲ ಸಮವಾಗಿತ್ತು, ಯಾರ ಹಂಗೂ ಇಲ್ಲದೆ ಒಳಗೆ ಹೋಗಿ ಬರುತ್ತಿದ್ದಳು. ಹೊಸದಕ್ಕೆ ಗಾಜು ಬಂದಿದೆ, ಟೈಲ್ಸ್ ಬಂದಿದೆ... ಮೊಣಕಾಲೆತ್ತರದ ಮೆಟ್ಟಿಲ ಮೇಲೆ ತೇಗದ ಹೊಸ್ತಿಲೂ ಬಂದಿದೆ.

“ಗಾಲಿಕುರ್ಚಿಯವರು ಇಲ್ಲಿ ಕೆಲಸ ಮಾಡ್ತಾರೆ ಅಂತ ನಿಮಗೆ ಯಾರೂ ಹೇಳ್ಲಿಲ್ವಾ?”

ಅವನು ತಲೆ ತಗ್ಗಿಸಿದ. ಉತ್ತರ ಕೊಟ್ಟಿದ್ದು ಮಾಲೀಕ ರವೀಂದ್ರನ ತಾಯಿ ಅನಸೂಯಮ್ಮ, ಕೈಯಲ್ಲಿ ಅರಿಶಿನದ ಬಟ್ಟಲು ಹಿಡಿದೇ.

“ಯೋಳಿದ್ರು ಕಣವ್ವ. ಈವಯ್ಯ ಇಳಿಜಾರು ಮಾಡ್ತೀನಿ ಅಂದ. ನಾನೇ ಬ್ಯಾಡ ಅಂದೆ. ಹೊಸ್ಲು ಅಂದ್ರೆ ಲಕ್ಷ್ಮಿ ಜಾಗ, ನಾವೇ ತುಳಿಯಲ್ಲ, ಅದ್ರ ಮ್ಯಾಲೆ ಚಕ್ರ ಅತ್ತುಸ್ತಾರಾ? ದಿನಾ ಉಡುಗ್ರು ನಿನ್ನ ಎತ್ತಿ ಒಳೀಕೆ ಬುಡ್ತವೆ. ನಿಂಗೇನವ್ವ ಕಷ್ಟ?”

ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ ಅದು. ಅದಕ್ಕೇ ಇನ್ನಷ್ಟು ಚುಚ್ಚಿತು.

“ಕಷ್ಟ ನಂಗೇ ಅಮ್ಮ. ಬೆಳಗ್ಗೆ ಸಂಜೆ ಯಾರದೋ ಕೈಗೆ ನನ್ನನ್ನ ಒಪ್ಪಿಸ್ಕೋಬೇಕು. ಟಾಯ್ಲೆಟ್ ಇರೋದು ಹೊರಗಡೆ. ಅಲ್ಲಿಗೆ ಹೋಗ್ಬೇಕಾದ್ರೂ ನಟರಾಜಣ್ಣನ್ನ ಕೂಗ್ಲಾ?”

ನಿಸರ್ಗ ಕುರ್ಚಿ ತಿರುಗಿಸಿಕೊಂಡು ನೇರವಾಗಿ ಲಾರಿ ತೂಕ ಹಾಕುವ ಜಾಗದ ತಗಡಿನ ಸೂರಿನಡಿಗೆ ಹೋದಳು. ಒಂದು ಮೇಜು ತರಿಸಿದಳು.

“ನಾನು ಇಲ್ಲೇ ಕೂತು ಕೆಲಸ ಮಾಡ್ತೀನಿ. ಒಳಗೆ ಬಂದ್ರೆ ಮುಂಬಾಗಿಲಿಂದ, ನನ್ನ ಕೈಯಿಂದ್ಲೇ ಚಕ್ರ ತಳ್ಕೊಂಡು ಬರ್ತೀನಿ.”

ರವೀಂದ್ರನಿಗೆ ನೆಂಟರಿಷ್ಟರ ಮುಂದೆ ಅವಮಾನವಾಯಿತು. ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ.

“ನಿಸರ್ಗ, ಇದೆಲ್ಲ ನಡೆಯಲ್ಲ. ಬಿತ್ತನೆ ಸೀಸನ್ ಮುಗಿಯೋವರೆಗೆ ನೋಡ್ತೀನಿ. ಆಮೇಲೂ ಇದೇ ಹಟ ಅಂದ್ರೆ ಬೇರೆಯವರನ್ನ ಹಾಕ್ಕೋತೀನಿ.”

“ಹಾಕ್ಕೊಳ್ಳಿ ಸರ್. ಅಲ್ಲಿವರೆಗೂ ಕೆಲಸ ನಂದೇ.”

ಹಾಗೆಂದಳೇನೋ ಸರಿ. ಆದರೆ ಈ ಕೆಲಸ ಹೋದರೆ ಮತ್ತೆ ಹಿರೀಸಾವೆಯ ಮನೆ, ಮತ್ತೆ ‘ಅಯ್ಯೋ ಪಾಪ’ ಅನ್ನುವ ಬಾಯಿಗಳು...

*

ಮಾರನೆಯ ದಿನ ಪೃಥ್ವಿರಾಜ್ ಬಂದ. ಬಣ್ಣದ ಕೆಲಸ ಬಾಕಿ ಇತ್ತಂತೆ. ಬಣ್ಣದ ಡಬ್ಬಿಯ ಹತ್ತಿರ ಹೋಗದೆ ನೇರ ಅವಳ ಮೇಜಿನ ಮುಂದೆ ನಿಂತ.

“ಎತ್ತೋಕೆ ಮುಂಚೆ ಕೇಳ್ಬೇಕಿತ್ತು. ತಪ್ಪಾಯ್ತು ಕಣ್ರೀ.”

“ಕೇಳಿದ್ರೂ ಬೇಡ ಅಂತಿದ್ದೆ.”

“ಅದೂ ಗೊತ್ತಾಯ್ತು.” ಅವನು ತಲೆ ಕೆರೆದುಕೊಂಡ. “ಅಮ್ಮಾವ್ರು ಇಳಿಜಾರು ಬೇಡ ಅಂದಾಗ ನಾನು ಜಗಳ ಆಡ್ಬೇಕಿತ್ತು. ಆಡ್ಲಿಲ್ಲ.”

ತಪ್ಪನ್ನು ಇಷ್ಟು ನೇರವಾಗಿ ಒಪ್ಪಿಕೊಂಡ ಗಂಡಸನ್ನು ಅವಳು ಹತ್ತಿರದಲ್ಲಿ ಕಂಡಿರಲಿಲ್ಲ. ಬಯ್ಯಲು ಕೂಡಿಟ್ಟ ಮಾತುಗಳೆಲ್ಲ ಬಾಯಲ್ಲೇ ಉಳಿದವು.

ಆಮೇಲೆ ಅವನು ದಿನವೂ ಬಂದ. ಒಂದು ದಿನ ಹಲಗೆಗಳನ್ನು ತಂದು ಇಟ್ಟಿಗೆ ಮೇಲೆ ಓರೆಯಾಗಿ ಜೋಡಿಸಿದ. ಎಷ್ಟು ಇಳಿಜಾರಾದರೆ ಅವಳ ಕೈಗೆ ಸುಲಭ ಎಂದು ನೋಡಬೇಕಂತೆ. ಅವಳು ಹತ್ತಿ ಇಳಿದು, “ಇನ್ನೂ ಉದ್ದ ಬೇಕು” ಅಂದಳು. ಅವನು ಉದ್ದ ಮಾಡಿದ. ಎಲ್ಲಿಂದಲೋ ಹಳೆಯ ಗಾಲಿಕುರ್ಚಿಯೊಂದನ್ನು ಹಿಡಿದು ತಂದು ತಾನೇ ಕೂತು ಹತ್ತಲು ಹೋದ. ಅರ್ಧಕ್ಕೆ ಜಾರಿ ಹಿಂದಕ್ಕೆ ಬಂದು ಸೂರಿನ ಕಂಬಕ್ಕೆ ಗುದ್ದಿದ. ನಿಸರ್ಗ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

‘ಬೇಡ ನಿಸರ್ಗ... ಇವನು ಬಣ್ಣದ ಕೆಲಸ ಮುಗಿದರೆ ಹೊರಟುಹೋಗುವವನು...’

ಹೀಗೆ ತನಗೆ ತಾನೇ ಬುದ್ಧಿ ಹೇಳಿಕೊಂಡಳು. ಬಣ್ಣದ ಕೆಲಸವೋ, ಮುಗಿಯುವ ಲಕ್ಷಣವೇ ಇರಲಿಲ್ಲ. ಒಂದೇ ಗೋಡೆಗೆ ಅವನು ಇನ್ನೆಷ್ಟು ಸಲ ಬಣ್ಣ ಬಳಿಸುತ್ತಾನೆ ಎಂದು ಹಮಾಲರೆಲ್ಲ ನಗುತ್ತಿದ್ದರು.

*

ಒಂದು ಗುರುವಾರ ಬೆಳಗ್ಗೆ ಆಫೀಸಿನ ಹಿಂದಿನಿಂದ ಗೋಡೆ ಒಡೆಯುವ ಸದ್ದು ಕೇಳಿಸಿತು.

“ಏನದು ನಟರಾಜಣ್ಣ?”

“ನಿಮ್ಗೇ ಅಂತ ಬ್ಯಾರೆ ಬಾಗ್ಲು ಕಣಕ್ಕ. ಜನರೇಟ್ರು ಪಕ್ಕ. ಪೃಥ್ವಿ ಸಾರೇ ಯೋಳಿ ಸಾವ್ಕಾರ್ರನ್ನ ಒಪ್ಸವ್ರೆ.”

ನಿಸರ್ಗ ಹಿಂದಕ್ಕೆ ಹೋಗಿ ನೋಡಿದಳು. ಡೀಸೆಲ್ ವಾಸನೆ, ಕೊಳೆತ ಆಲೂಗಡ್ಡೆಯ ರಾಶಿ, ಅದರ ಪಕ್ಕದಲ್ಲಿ ಗೋಡೆಗೆ ಕೊರೆದ ಕಿಂಡಿ. ಅಲ್ಲಿ ಪೃಥ್ವಿರಾಜ್ ಟೇಪು ಹಿಡಿದು ನಿಂತಿದ್ದ. ಅವಳನ್ನು ಕಂಡು ಅವನ ಮುಖ ಅರಳಿತು.

“ನೋಡ್ರೀ, ಹೊಸ್ತಿಲೇ ಇಲ್ಲ. ಎರಡು ದಿನದಲ್ಲಿ ನೀವು ಒಳಗೆ...”

“ಯಾರನ್ನ ಕೇಳಿ ಮಾಡಿದ್ರಿ?”

ಅವನ ನಗು ಮಾಯವಾಯಿತು.

“ಸೀಸನ್ ಮುಗೀತಾ ಬಂತು ನಿಸರ್ಗ. ನಿಮ್ಮ ಕೆಲಸ ಉಳೀಲಿ ಅಂತ...”

“ಎಲ್ಲರೂ ಮುಂದಿನಿಂದ ಬರ್ಲಿ, ನಾನು ಕೊಳೆತ ಗಡ್ಡೆ ಪಕ್ಕದಿಂದ ನುಸುಳ್ಕೊಂಡು ಬರ್ಲಿ. ಅಲ್ವಾ? ಆವತ್ತು ನನ್ನ ಕುರ್ಚಿ ಎತ್ತಿದ್ರಿ, ಇವತ್ತು ನನ್ನ ಬದುಕನ್ನೇ ಎತ್ತಿ ಹಿಂದಕ್ಕೆ ಇಡ್ತಿದ್ದೀರಿ. ರವೀಂದ್ರ ಸರ್ ಹಾಗೆ ಮಾಡಿದ್ರೆ ನಂಗೆ ಕೋಪ ಬರ್ತಿತ್ತು ಅಷ್ಟೆ. ನೀವು ನನ್ನ ಜೊತೆ ಇದ್ದೀರ ಅಂದ್ಕೊಂಡಿದ್ದೆ...”

ಅಳು ಅವನಿಗೆ ಕಾಣಬಾರದೆಂದು ಬಿರಬಿರನೆ ಚಕ್ರ ತಳ್ಳಿಕೊಂಡು ಹೊರಟುಬಿಟ್ಟಳು. ಪ್ರೀತಿಯಾಗಿದೆ ಎನ್ನುವುದು ಅವಳಿಗೆ ಆ ಗಳಿಗೆಯಲ್ಲೇ ಗೊತ್ತಾಯಿತು. ಇಲ್ಲದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

*

ಮಾರನೆಯ ದಿನ ಶುಕ್ರವಾರ. ಪ್ರತಿ ಶುಕ್ರವಾರ ಅನಸೂಯಮ್ಮ ಬಂದು ಹೊಸ್ತಿಲುಗಳಿಗೆ ಅರಿಶಿನ ಕುಂಕುಮ ಇಡುವುದು ರೂಢಿ. ಮೊದಲು ಆಲೂಗಡ್ಡೆ ಗೋಡೌನಿಗೆ, ಆಮೇಲೆ ಆಫೀಸಿಗೆ. ಗೋಡೌನಿನ ಹೊಸ್ತಿಲಿಗೆ ಹೂವಿಟ್ಟು ಕೈಮುಗಿದು ಅವರು ಪಕ್ಕಕ್ಕೆ ಸರಿದದ್ದೇ ತಡ, ನಟರಾಜು ಅದರ ಮೇಲೆ ಕಬ್ಬಿಣದ ಹಲಗೆ ಹಾಸಿ ಮೂಟೆ ತುಂಬಿದ ತಳ್ಳುಗಾಡಿಯನ್ನು ಗಡಗಡ ಒಳಗೆ ನುಗ್ಗಿಸಿದ.

ಇದನ್ನು ವರ್ಷಗಳಿಂದ ಎಲ್ಲರೂ ನೋಡಿದ್ದರು. ನಿಸರ್ಗಳೂ ನೋಡಿದ್ದಳು. ಇವತ್ತು ಮಾತ್ರ ಅದು ಅವಳ ಕಣ್ಣಿಗೆ ಬಿತ್ತು.

“ಅಮ್ಮ, ಅದೂ ಹೊಸ್ತಿಲೇ ಅಲ್ವಾ?”

“ಊ ಕಣವ್ವ. ಯಾಕೆ?”

“ಅದರ ಮೇಲೆ ದಿನಾ ಗಾಡಿ ಹತ್ತುತ್ತೆ. ಆ ಲಕ್ಷ್ಮಿ ಬೇಜಾರು ಮಾಡ್ಕೊಂಡಿಲ್ಲ. ನನ್ನ ಗಾಡಿ ಹತ್ತಿದ್ರೆ ಮಾತ್ರ ಈ ಲಕ್ಷ್ಮಿಗೆ ಬೇಜಾರಾ?” ಅವಳ ದನಿ ಏರಲಿಲ್ಲ. “ಆಲೂಗಡ್ಡೆ ಮೂಟೆಗಿರೋ ಮರ್ಯಾದೆ ನಂಗಿಲ್ವಾ ಅಮ್ಮ?”

ಅನಸೂಯಮ್ಮ ಗೋಡೌನಿನ ಹೊಸ್ತಿಲ ಕಡೆ ತಿರುಗಿ ನೋಡಿದರು. ಟೋಕನ್ನಿಗೆ ನಿಂತಿದ್ದ ದೊಡ್ಡಗದ್ದವಳ್ಳಿಯ ನಂಜಪ್ಪ ಹೆಗಲ ಮೇಲಿನ ಟವೆಲ್ ಕೊಡವಿದ.

“ಮಗ ಸರ್ಯಾಗೇ ಕೇಳ್ತು ಕಣವ್ವ. ಯೋಳಿ ಮತ್ತೆ.”

ರವೀಂದ್ರ ಆಫೀಸಿನಿಂದ ಹೊರಗೆ ಬಂದ.

“ಏನಿದು ಗಲಾಟೆ? ನಿಂಗೋಸ್ಕರ ಹಿಂದ್ಗಡೆ ಬಾಗಿಲು ಇಡಿಸ್ತಿಲ್ವಾ?”

“ಆ ಬಾಗಿಲು ನಾನು ಇಡಲ್ಲ ಸರ್,” ಅಂದ ಪೃಥ್ವಿರಾಜ್.

ಅವನು ರವೀಂದ್ರನ ಹಿಂದೆಯೇ ನಿಂತಿದ್ದ. ಕೈತುಂಬ ಸಿಮೆಂಟು.

“ಒಡೆದಿದ್ದನ್ನ ಬೆಳಗ್ಗೆ ನಾನೇ ಮುಚ್ಚಿಸ್ದೆ. ಅದು ನನ್ನ ತಪ್ಪು. ಬಾಗಿಲು ಮಾಡೋದಾದ್ರೆ ಮುಂದಿಂದು ಮಾಡ್ತೀನಿ.”

“ಹಾಗಾದ್ರೆ ಹೊಳೆನರಸೀಪುರದ ನಮ್ಮ ಗೋಡೌನ್ ಕಟ್ಟೋ ಕೆಲಸ ಮರ್ತುಬಿಡಿ.”

“ಮರ್ತೆ ಸರ್.”

ಆ ಕೆಲಸಕ್ಕೆ ಅವನು ಎಷ್ಟು ದಿನದಿಂದ ಅಲೆಯುತ್ತಿದ್ದ ಎಂದು ನಿಸರ್ಗಳಿಗೆ ಗೊತ್ತಿತ್ತು. ಅವಳು ಅವನನ್ನೇ ನೋಡಿದಳು. ಅವನು ಮಾತ್ರ ಅವಳ ಕಡೆ ನೋಡುವ ಧೈರ್ಯ ಮಾಡಲಿಲ್ಲ.

ಅನಸೂಯಮ್ಮ ಬಟ್ಟಲನ್ನು ನಿಧಾನವಾಗಿ ಕೆಳಗಿಟ್ಟರು.

“ರವಿ, ಸುಮ್ಕಿರ್ಲಾ. ಆ ಉಡ್ಗಿ ಕೇಳಿದ್ದಕ್ಕೆ ನನ್ತಾವ ಜವಾಬಿಲ್ಲ. ಜವಾಬಿಲ್ದೋಳು ಹಟ ಮಾಡಬಾರ್ದು. ಹೊಸ್ಲ ಕೀಳ್ಸು, ನೆಲದ ಸಮಕ್ಕೆ ಕಲ್ಲಾಕ್ಸು. ಅದ್ಕೇ ಅರಿಸ್ನ ಇಡ್ತೀನಿ. ಮೆಟ್ಲಿಗೆ ಇಳಿಜಾರೂ ಆಗ್ಲಿ.” ಆಮೇಲೆ ಪೃಥ್ವಿರಾಜನ ಕಡೆ ತಿರುಗಿದರು. “ನೀನೇ ಮಾಡಪ್ಪ. ಈ ಸಲ ನನ್ನ ಕೇಳ್ಬ್ಯಾಡ, ಅವ್ಳನ್ನ ಕೇಳು.”

*

ಇಳಿಜಾರು ಮುಗಿದ ದಿನ ನಿಸರ್ಗ ಯಾರ ಕೈಯನ್ನೂ ಹಿಡಿಯದೆ ಹತ್ತಿದಳು. ವಾಲಗವಿರಲಿಲ್ಲ, ಹಾರವಿರಲಿಲ್ಲ. ಮೇಜಿನ ಮುಂದೆ ಕುರ್ಚಿ ನಿಲ್ಲಿಸಿ, “ಮುಂದಿನೋರು ಬನ್ನಿ” ಅಂದಳು ಅಷ್ಟೆ.

ಊಟದ ಹೊತ್ತಿಗೆ ಪೃಥ್ವಿರಾಜ್ ಬಂದು ಎದುರಿನ ಕುರ್ಚಿಯಲ್ಲಿ ಕೂತ.

“ಬಣ್ಣದ ಕೆಲಸನೂ ಮುಗೀತು ಕಣ್ರೀ. ಇನ್ನು ಬರೋಕೆ ನೆಪ ಇಲ್ಲ.”

“ಹೂಂ.”

“ನೆಪ ಇಲ್ದೇ ಬರ್ಬಹುದಾ?”

ಅವಳು ಪೆನ್ನು ಕೆಳಗಿಟ್ಟಳು.

“ಪಾಪ ಅಂತ ಬರೋದಾದ್ರೆ ಬೇಡ.”

“ಪಾಪನಾ? ನಿಮ್ಮನ್ನ ಕಂಡ್ರೆ ಈ ಆಫೀಸಲ್ಲಿ ಎಲ್ಲರಿಗೂ ಭಯ. ನಂಗೆ ಒಂದು ಕೈ ಜಾಸ್ತಿನೇ.” ಅವನ ದನಿ ಇಳಿಯಿತು. “ಆದ್ರೂ ನೀವು ಬಯ್ಯದ ದಿನ ಮನಸ್ಸಿಗೆ ಏನೋ ಕಳ್ಕೊಂಡ ಹಾಗಾಗುತ್ತೆ ನಿಸರ್ಗ. ನಂಗೆ ನೀವು ಬೇಕು. ಅಮ್ಮನ್ನ ಕರ್ಕೊಂಡು ಹಿರೀಸಾವೆಗೆ ಬರ್ತೀನಿ, ಹೆಣ್ಣು ನೋಡೋಕೆ.”

ಕಣ್ಣು ತುಂಬಿ ಬಂತು. ಆದರೂ ಅವಳು ನಿಸರ್ಗ ತಾನೇ!

“ನೀವು ಬರೋದು ಬೇಡ.”

ಅವನ ಮುಖ ಬಾಡಿತು.

“ಭಾನುವಾರ ನಾನೇ ನಮ್ಮಮ್ಮನ ಜೊತೆ ಅರಕಲಗೂಡಿಗೆ ಬರ್ತೀನಿ. ಗಂಡು ನೋಡೋಕೆ. ಕಾಫಿ ತಟ್ಟೆ ನೀವೇ ಹಿಡ್ಕೊಂಡು ಬರ್ಬೇಕು.”

ಅವನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆಮೇಲೆ ಮುಖ ತುಂಬ ನಗು.

“ತಿಂಡಿಗೆ ಏನ್ ಮಾಡ್ಲಿ? ಉಪ್ಪಿಟ್ಟಾ, ಕೇಸರಿಬಾತಾ?”

“ಎರಡೂ.”

“ತಲೆ ತಗ್ಗಿಸಿ ಕೂರ್ಬೇಕಾ?”

“ಬೇಡ,” ಅಂದಳು ನಿಸರ್ಗ, ಮೇಜಿನ ಮೇಲಿದ್ದ ಅವನ ಕೈಯನ್ನು ತಾನೇ ಹಿಡಿದುಕೊಳ್ಳುತ್ತಾ. “ನನ್ನನ್ನ ನೋಡ್ಕೊಂಡೇ ಕೂತಿರಿ.”