ಇಪ್ಪತ್ತನೆಯ ದಿನದ ಉಸಿರು

ಪರದೆಯ ಮೇಲೆ ಹಸಿರು ಗೆರೆಯೊಂದು ಏರಿತು, ಇಳಿಯಿತು. ಯಂತ್ರದ ಕೆಳಗೆ ಮಲಗಿದ್ದ ಭುವನೇಶ್ವರಿ ಗೆರೆ ಏರಿದಾಗ ಉಸಿರೆಳೆದರು, ಇಳಿದಾಗ ಬಿಟ್ಟರು. ಎರಡೂ ಹೊಂದಿದ ಕ್ಷಣದಲ್ಲಿ ಮಾತ್ರ ಕಿರಣ ಹೊರಟು ಶ್ವಾಸಕೋಶದ ಗಡ್ಡೆಯನ್ನು ಸುಡುತ್ತಿತ್ತು.

೨೦೫೮ರ ಹುಬ್ಬಳ್ಳಿಯಲ್ಲಿ ಆ ಗೆರೆ ಬರೆಯುತ್ತಿದ್ದುದು ಗಣಿತ. ಆಸ್ಪತ್ರೆಯ ಗಣಿತಜ್ಞೆ ನಾಝಿಯಾ ಕಿಲ್ಲೇದಾರ ರೂಪಿಸಿದ ಸಮೀಕರಣಗಳು ಹಳೆಯ ರೋಗಿಗಳಲ್ಲಿ ಅತಿ ಹತ್ತಿರದ ದೇಹವನ್ನು ಹುಡುಕಿ, ಅದರ ಉಸಿರು, ಅದರ ಗಡ್ಡೆ ಕರಗಿದ ವೇಗಗಳಿಂದ ಹೊಸ ರೋಗಿಯ ಮೂವತ್ತು ದಿನಗಳನ್ನು ಮುಂಚಿತವಾಗಿ ಲೆಕ್ಕ ಹಾಕುತ್ತಿದ್ದವು. ಚಿಕಿತ್ಸೆಯನ್ನು ನಡುವೆ ತಪ್ಪಿಸಿದರೆ ಗಡ್ಡೆಯ ಉಳಿದ ಕೋಶಗಳು ಮೊದಲಿಗಿಂತ ಬೇಗ ಬೆಳೆಯುತ್ತವೆ. ಭುವನೇಶ್ವರಿಗೆ ಸಿಕ್ಕ ದೇಹ ಅವರ ಅಕ್ಕ ಶೋಭಾಳದು. ಇದೇ ರೋಗಕ್ಕೆ ಇಲ್ಲೇ ಚಿಕಿತ್ಸೆ ಪಡೆದು, ಮೂವತ್ತೆರಡು ವರ್ಷಗಳ ಹಿಂದೆ ತೀರಿಕೊಂಡವಳು.

"ಸಾಲ್ಯಾಗ ಲೆಕ್ಕದಾಗ ನಾಪಾಸಾದಾಕಿ ನಾ," ಎಂದು ಮೊದಲ ದಿನ ಅವರು ನಕ್ಕಿದ್ದರು. "ಈಗ ಲೆಕ್ಕಾನ ನನ್ನ ಉಸಿರಾಡಸಾಕತ್ತೈತಿ ನೋಡ್ರಿ." ಆಮೇಲೆ ಗೆರೆಯನ್ನೇ ನೋಡುತ್ತ, "ಅಕ್ಕ ಹಿಂಗ ಉಸಿರು ಎಳೀತಿದ್ಲು. ಒಂದ ಹಾಸಿಗ್ಯಾಗ ಮಲಗ್ತಿದ್ವಿ," ಎಂದಿದ್ದರು.

ಇಪ್ಪತ್ತನೆಯ ದಿನ ನಾಝಿಯಾ ಹಾಸಿಗೆಯ ಬಳಿ ಬಂದು ನಿಂತಳು.

"ಅಕ್ಕಾರ, ನಿನ್ನೆತನಕ ನಿಮ್ಮಕ್ಕನ ಉಸಿರು. ಇವತ್ತಿಂದ ಗಣಿತಾನ ಮುಂದುವರಸ್ತೈತಿ. ಅವರದು ಹತ್ತೊಂಬತ್ತ ದಿನದ ದಾಖಲೆ ಅಷ್ಟ ಐತ್ರಿ."

ಭುವನೇಶ್ವರಿ ಪರದೆಯಿಂದ ಕಣ್ಣು ತೆಗೆಯದೆ ಹೇಳಿದರು.

"ನನ್ನ ಮದುವಿ ಇತ್ರಿ. ಅರಿಶಿಣ ಹಚ್ಚಾಕ ಅಕ್ಕಾನ ಬೇಕು ಅಂತ ಹಟಾ ಮಾಡ್ದೆ. ನಾಕ ದಿನ ಅಂತ ಬಂದಾಕಿ ತಿರಗಿ ದವಾಖಾನಿಗೆ ಹೋಗಲಿಲ್ಲ. ಹೋಗಿದ್ರ ಉಳೀತಿದ್ಲೇನ್ರಿ?"

ಮುಂದಿನ ಉಸಿರನ್ನು ಬರೆಯಬೇಕಾದರೆ, ಶೋಭಾ ಚಿಕಿತ್ಸೆಗೆ ಬಂದಳೆಂದೇ ಲೆಕ್ಕ ಹಾಕಬೇಕಿತ್ತು. ಯಂತ್ರ ಹಾಕಿತ್ತು. ಹಾಗೆ ಬಂದಿದ್ದರೆ ಅವಳು ಉಳಿಯುವ ಸಾಧ್ಯತೆ ನೂರಕ್ಕೆ ಎಷ್ಟೆಂಬುದು ಪರದೆಯ ಮೂಲೆಯಲ್ಲಿತ್ತು. ನಾಝಿಯಾ ಪ್ಲಾಸ್ಟರಿನ ತುಂಡೊಂದನ್ನು ಹರಿದು ಆ ಅಂಕಿಯ ಮೇಲೆ ಅಂಟಿಸಿದಳು.

"ಸಣ್ಣ ಅಂಕಿ ಇದ್ರ ನೀವು ಮುಚ್ಚತಿದ್ದಿಲ್ಲ," ಎಂದರು ಭುವನೇಶ್ವರಿ.

ನಾಝಿಯಾ ಹೊರಬಂದು ದಪ್ಪ ಬಾಗಿಲು ಹಾಕಿದಳು. ಗೆರೆ ಏರಿತು. ರೋಗಿಯ ಕಣ್ಣು ಪ್ಲಾಸ್ಟರಿನ ಮೇಲಿತ್ತು. ಉಸಿರು ಗೆರೆಗೆ ಹೊಂದಲಿಲ್ಲ, ಕಿರಣ ಹೊರಡಲಿಲ್ಲ. ಇಳಿಯಿತು, ಮತ್ತೆ ಏರಿತು.

ನಾಝಿಯಾ ಮೈಕಿಗೆ ಬಾಗಿದಳು. "ಅಕ್ಕಾರ, ಅವರು ಬರಲಿಲ್ಲ. ನೀವು ಬಂದೀರಿ. ಉಸಿರು ತಗೋರಿ."

ನಾಲ್ಕನೆಯ ಸಲ ಎದೆ ಏರಿತು. ಶೋಭಾ ಎಂದೂ ಎಳೆಯದ ಉಸಿರು ತಂಗಿಯೊಳಗೆ ತುಂಬಿಕೊಂಡಿತು. ಕಿರಣ ಹೊರಟಿತು.

ನಾಝಿಯಾ ಶೋಭಾಳ ಹಳೆಯ ಕಡತ ತೆರೆದಳು. ಹತ್ತೊಂಬತ್ತನೆಯ ದಿನದ ಕೆಳಗೆ, ಇಪ್ಪತ್ತನೆಯ ದಿನದ ಜಾಗದಲ್ಲಿ, ಯಾರೋ ಬರೆದಿದ್ದರು: 'ಮೂರು ಸಲ ಕೂಗಿದೆ. ಹಾಜರಿಲ್ಲ. ಮನೆಯಲ್ಲಿ ಮದುವೆಯಂತೆ.'

೨೦೨೬ರ ಆ ದಿನ ಈ ಲೆಕ್ಕ ಯಾರಿಗೂ ಗೊತ್ತಿರಲಿಲ್ಲ. ಯಂತ್ರವಂತೂ ಇತ್ತು. ಹಾಸಿಗೆ ಖಾಲಿ ಇತ್ತು.