ಕಣ್ಣಿಗೆ ಕಟ್ಟಿಕೊಂಡ ದುಗ್ಗ

ಬಹಳ ಹಿಂದೆ, ಕಾಗೆಗಳು ಇನ್ನೂ ಬೆಳ್ಳಗಿದ್ದ ಕಾಲದಲ್ಲಿ, ಕಂಜರಾವತಿ ಅಂತ ಒಂದು ರಾಜ್ಯ ಇತ್ತು. ಅಲ್ಲಿ ದುಗ್ಗ ಅಂತ ಒಬ್ಬ ಹುಡುಗ ಇದ್ದ. ಅಪ್ಪ ಅಮ್ಮ ಇಲ್ಲ. ಸಾಕಿದವಳು ಅಕ್ಕ, ಸಿರಿಯಕ್ಕ. ದುಗ್ಗನ ಕಸುಬು ಕೀಟಲೆ.

ಒಂದು ದಿನ ಹೊಗೆಮಲ್ಲ ಎಂಬ ಮಂತ್ರವಾದಿ ಪೇಟೆಗೆ ಬಂದ. ದುಗ್ಗ ಮೆಲ್ಲಗೆ ಹಿಂದೆ ಹೋಗಿ ಅವನ ನಿಲುವಂಗಿಗೆ ಹುಲ್ಲಿನ ಬಾಲ ಸಿಕ್ಕಿಸಿದ. ಪೇಟೆಗೆ ಪೇಟೆಯೇ ತುಟಿ ಕಚ್ಚಿಕೊಂಡಿತು. ಸಿರಿಯಕ್ಕ ಮಾತ್ರ ತಡೆಯಲಾರದೆ ಕಿಸಕ್ ಅಂದಳು. ಮಂತ್ರವಾದಿ ತಿರುಗಿ ನೋಡಿದ. ಅಷ್ಟೇ. ಅಕ್ಕ ನಿಂತಿದ್ದ ಜಾಗದಲ್ಲಿ ಅವಳ ಸೆರಗಿನ ಚೂರು ಬಿದ್ದಿತ್ತು. ಅಕ್ಕ ಇರಲಿಲ್ಲ.

ರಾಜ ಸೈನ್ಯ ಕಳಿಸಿದ. ಸೈನ್ಯ ಮಂತ್ರವಾದಿಯ ಕೋಟೆಬಾಗಿಲ ಬೆಂಕಿ ನೋಡಿತು, ನೋಡಿದ್ದೇ ವಾಪಸ್ ಓಡಿ ಬಂತು.

ಮೂರು ವರ್ಷ ಆಯಿತು. ದುಗ್ಗ ಕೀಟಲೆ ಬಿಟ್ಟ. ದಿನಾ ಎರಡು ತಟ್ಟೆ ಇಡುತ್ತಿದ್ದ. ಒಂದರಲ್ಲಿ ಉಣ್ಣುತ್ತಿದ್ದ, ಇನ್ನೊಂದನ್ನು ಸುಮ್ಮನೆ ತೊಳೆದಿಡುತ್ತಿದ್ದ. ಒಂದು ಬೆಳಗ್ಗೆ ಎದ್ದರೆ ಅಕ್ಕನ ಮುಖವೇ ನೆನಪಿಗೆ ಬರಲಿಲ್ಲ. ಹೆದರಿ, ಊರಾಚೆಯ ಜೋಗಿಣಿ ಅಜ್ಜಿಯ ಹತ್ತಿರ ಓಡಿದ.

“ಅಜ್ಜೀ, ಅಕ್ಕ ಎರಡನೇ ಸಲ ಕಳೆದುಹೋಗ್ತಾ ಇದಾಳೆ!”

“ಹೊಗೆಮಲ್ಲನ ಹತ್ರ ಇರೋದು ಬರೀ ಕಣ್ಕಟ್ಟು ಕಣೋ. ನೀನು ಅಕ್ಕನ್ನ ಕಣ್ಣಿಗೆ ಕಟ್ಕೊಂಡು ಹೋಗು. ಪೂರ್ತಿ ಕಟ್ಟಿದರೆ ಸಿಕ್ತಾಳೆ.”

ಅಜ್ಜಿ ಹೇಳಿದ್ದು ಅಕ್ಕನ ಚಿತ್ರ ಮನಸ್ಸಿನಲ್ಲಿ ತಂದುಕೋ ಅಂತ. ನಮ್ಮ ದುಗ್ಗ ಓದಿದ್ದು ಎರಡೇ ಅಕ್ಷರ. ಅಕ್ಕ ಇಲ್ಲ, ಸೆರಗಾದರೂ ಇದೆಯಲ್ಲ ಅಂತ, ಎತ್ತಿಟ್ಟುಕೊಂಡಿದ್ದ ಆ ಚೂರನ್ನೇ ಕಣ್ಣಿಗೆ ಬಿಗಿಯಾಗಿ ಕಟ್ಟಿಕೊಂಡು, ಕೋಲು ಹಿಡಿದು ಹೊರಟ! ಏನೂ ಕಾಣದವನು ಕಂಡಕಂಡವರನ್ನು ದಾರಿ ಕೇಳುತ್ತಾ ಕೋಟೆ ಮುಟ್ಟಿದ.

ಮೊದಲನೇ ಬಾಗಿಲಲ್ಲಿ ಬೆಂಕಿ. ದುಗ್ಗ ಅದನ್ನು ನೋಡಲೇ ಇಲ್ಲ. ಬಟ್ಟೆಯಲ್ಲಿ ಒಲೆಯ ವಾಸನೆ ಇತ್ತು. ಆ ವಾಸನೆಗೆ ಅಕ್ಕನ ಕೈ ಕಂಡಿತು: ರೊಟ್ಟಿ ತಟ್ಟುವ ಕೈ, ಹೆಬ್ಬೆರಳ ಬುಡದಲ್ಲಿ ಹಂಚು ತಾಗಿದ ಕಲೆ. ಆ ಕೈಯ ಹಿಂದೆಯೇ ನಡೆದ. ಬೆಂಕಿ ದಾಟಿದ್ದು ಗೊತ್ತೇ ಆಗಲಿಲ್ಲ.

ಎರಡನೇ ಬಾಗಿಲಲ್ಲಿ ಏಳು ಹೆಡೆಯ ಹಾವು ಬುಸ್ ಅಂತು.

“ಯಾರಪ್ಪ ಅದು, ಒಗ್ಗರಣೆ ಹಾಕ್ತಿರೋರು?” ಅಂದ ದುಗ್ಗ. ಒಗ್ಗರಣೆ ಅಂದದ್ದೇ ಅಕ್ಕನ ಬಾಗಿದ ಬೆನ್ನು ಕಂಡಿತು, ಬೆನ್ನ ಮೇಲಿನ ಜಡೆ ಕಂಡಿತು. ಹಾವು ಅವಮಾನವಾಗಿ ಸುರುಳಿ ಸುತ್ತಿಕೊಂಡಿತು.

ಮೂರನೇ ಬಾಗಿಲ ಒಳಗೆ ಹೊಗೆಮಲ್ಲ ನಕ್ಕ. “ಬಟ್ಟೆ ಬಿಚ್ಚೋ. ನೂರು ಗೊಂಬೆ ನಿಂತಿವೆ, ನೂರಕ್ಕೂ ನಿನ್ನ ಅಕ್ಕನ ಮುಖ. ನಿನ್ನವಳನ್ನ ಆರಿಸ್ಕೋ. ತಪ್ಪಿದರೆ ನೂರಾ ಒಂದನೇ ಗೊಂಬೆ ನೀನು.”

“ಬಾ ತಮ್ಮಾ, ಬಾ ಚಿನ್ನಾ,” ಅಂದವು ನೂರು ದನಿ.

ದುಗ್ಗನ ಕೈ ಗಂಟಿಗೆ ಹೋಯಿತು. ಒಂದೇ ಒಂದು ಸಲ ನೋಡಬೇಕು ಅಂತ ಪ್ರಾಣ ಹೊಡೆದುಕೊಂಡಿತು. ಆದರೆ ಅವನು ಹುಟ್ಟಿದಾಗಿನಿಂದ ಅಕ್ಕ ಒಮ್ಮೆಯೂ ಅವನನ್ನು ಚಿನ್ನಾ ಅಂದವಳಲ್ಲ. ಕೈ ಇಳಿಸಿದ.

ಕೈ ಸಿಕ್ಕಿದೆ, ಬೆನ್ನು ಸಿಕ್ಕಿದೆ. ಮುಖ? ಮುಖ ಎಲ್ಲಿ? ಕೊನೆಯ ಸಲ ಕೇಳಿದ್ದು ಆ ಕಿಸಕ್ ನಗು. ಅದನ್ನೇ ಕೇಳಿಸಿಕೊಂಡ. ನಕ್ಕಾಗ ಮೂಗು ಸುಕ್ಕಾಗುತ್ತಿತ್ತು. ಸೊಟ್ಟ ಹಲ್ಲು ಕಾಣದ ಹಾಗೆ ಮೇಲ್ತುಟಿ ಎಳೆದುಕೊಳ್ಳುತ್ತಿದ್ದಳು. ನಕ್ಕು ಮುಗಿದ ಮೇಲೆ...

ಎಡಗಿವಿ ಚುರ್ ಅಂತು.

“ಬಾಲ ಸಿಕ್ಕಿಸಿದ್ದು ನೀನೇ ತಾನೇ, ಕೋಡಂಗಿ?”

ನೋಡುವ ಕಣ್ಣೇ ಇಲ್ಲದ ಮೇಲೆ ಕಣ್ಕಟ್ಟು ಎಷ್ಟು ಹೊತ್ತು ನಿಂತೀತು? ಕೋಟೆ ಹೊಗೆಯಾಯಿತು, ಹಾವು ಹೊಗೆಯಾಯಿತು, ಹೊಗೆಮಲ್ಲನೂ ಹೊಗೆಯಾದ. ನೆಲದ ಮೇಲೆ ಹುಲ್ಲಿನ ಬಾಲ ಮಾತ್ರ ಉಳಿಯಿತು. ಮೂರು ವರ್ಷ ಅದು ನೇತಾಡುತ್ತಲೇ ಇತ್ತು, ಹೇಳುವ ಧೈರ್ಯ ಯಾರಿಗಿತ್ತು? ಗೊಂಬೆಗಳಾಗಿ ನಿಂತಿದ್ದ ಮಿಕ್ಕ ತೊಂಬತ್ತೊಂಬತ್ತು ಜನ ತಮ್ಮ ತಮ್ಮ ಮುಖ ಹೊತ್ತು ಮನೆಗೆ ಹೋದರು.

“ಬಟ್ಟೆ ಬಿಚ್ಚೋ,” ಅಂದಳು ಅಕ್ಕ.

“ಇನ್ನೊಂದ್ಸಲ ಕಿವಿ ಹಿಂಡಕ್ಕಾ. ಆಮೇಲೆ ಬಿಚ್ತೀನಿ.”

ಅಂದಿನಿಂದ ಕಂಜರಾವತಿ ಸುಖವಾಗಿತ್ತು. ಆ ಮನೆಯಲ್ಲಿ ಎರಡು ತಟ್ಟೆಯೂ ಎಂಜಲಾದವು. ಆದರೂ ದುಗ್ಗ ಉಣ್ಣುವಾಗ ಆಗಾಗ ಕಣ್ಣು ಮುಚ್ಚಿ, ತೆರೆದು, ಎದುರಿಗೆ ನೋಡುತ್ತಿದ್ದ.

“ಏನೋ ಅದು?”

“ಏನಿಲ್ಲಕ್ಕಾ. ನೀನು ಉಣ್ಣು.”