ಬಾಬಾ ಜಾನ್ ಅವರ ಗುಂಡಕ್ಷರ

“ನಮ್ಮ ಅಬ್ಬಾ ಬರ್ದಿಲ್ಲ ಮೇಡಂ, ಹೆಂಗಾದ್ರೂ ಬಿಡಿಸ್ರಿ,” ಎಂದು ಸುಮಯ್ಯ ಕಾಲು ಹಿಡಿದಾಗ ತಿಪ್ಪೇರುದ್ರಮ್ಮ ಕನ್ನಡಕ ಒರೆಸುತ್ತ ಕೂತರು. ಪಕ್ಕದಲ್ಲಿದ್ದ ಸೋದರ ಸೊಸೆ ಶಿಲ್ಪಾಳಿಗೇ ತಡೆಯಲಾಗಲಿಲ್ಲ. “ಹೋಗೋಣ ಅತ್ತೆ,” ಎಂದಳು. ಮೂವತ್ತು ವರ್ಷ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸಿದ್ದ ಅತ್ತೆಯ ಕಣ್ಣಿಗೆ ಬೀಳದ ಗುಟ್ಟು ಚಳ್ಳಕೆರೆಯಲ್ಲಿರಲಿಲ್ಲ.

ಚಿಕ್ಕಬಸಪ್ಪನವರ ಎಣ್ಣೆ ಗಿರಣಿಯ ಬಾಗಿಲಿಗೆ ಯಾರೋ ಚೀಟಿ ಅಂಟಿಸಿದ್ದರು: ‘ಕಲಬೆರಕೆ ಎಣ್ಣೆ. ಈ ಎಣ್ಣೆ ಕೊಳ್ಳಬೇಡಿ.’ ಹಸಿ ಸುಳ್ಳು. ಆದರೂ ಜನ ರೊಚ್ಚಿಗೆದ್ದು ಕಲ್ಲು ತೂರಿದಾಗ ಹಮಾಲಿ ಚಿನ್ನಯ್ಯನ ಒಂದು ಕಣ್ಣು ಹೋಯಿತು. ಚೀಟಿ ನೋಡಿದವರೆಲ್ಲ ಬೆರಳು ತೋರಿಸಿದ್ದು ಸುಮಯ್ಯಳ ತಂದೆ, ಮೊಳಕಾಲ್ಮೂರಿನ ಬೋರ್ಡ್ ಪೇಂಟರ್ ಬಾಬಾ ಜಾನ್ ಕಡೆಗೆ. ಉಬ್ಬಿದ ಪೂರಿಯಂತಹ ದಪ್ಪ ಗುಂಡಕ್ಷರ ಆ ಸೀಮೆಯಲ್ಲಿ ಅವರೊಬ್ಬರದೇ. ಅಂಗನವಾಡಿ ಗೋಡೆ, ಐಸ್ ಕ್ಯಾಂಡಿ ಗಾಡಿ, ಆಟೋ ಬೆನ್ನಿನ ಮೇಲೆ ಕೂತು ಮಕ್ಕಳನ್ನು ನಗಿಸುತ್ತಿದ್ದ ಅಕ್ಷರವದು. ಗಿರಣಿಗೆ ಅವರು ಬರೆದ ಬೋರ್ಡನ್ನು ಚಿಕ್ಕಬಸಪ್ಪ ಹೋದ ತಿಂಗಳಷ್ಟೇ ಕಿತ್ತೆಸೆದು ಫ್ಲೆಕ್ಸ್ ಹಾಕಿಸಿದ್ದರು. ಪೊಲೀಸರು ಚೀಟಿ ತೋರಿಸಿದ್ದೇ ತಡ, ಮುದುಕ ‘ನಾನೇ ಬರೆದಿದ್ದು’ ಎಂದುಬಿಟ್ಟಿದ್ದರು.

ಅತ್ತೆ ಠಾಣೆಗೆ ಹೋಗಿ ಚೀಟಿಯನ್ನು ಭೂತಗನ್ನಡಿಯಲ್ಲಿ ನೋಡಿದರು. ಮೊಳಕಾಲ್ಮೂರಿಗೆ ಬಸ್ಸು ಹತ್ತಿ ಬಾಬಾ ಜಾನ್ ಮನೆಯನ್ನೂ ನೋಡಿದರು. ಮಗಳಿಗೆ ಅಕ್ಷರ ಕಲಿಸಲು ಅವರು ಹಿಂದೆ ಬರೆದ ತಗಡಿನ ವರ್ಣಮಾಲೆ ಅಲ್ಲಿ ತೂಗುತ್ತಿತ್ತು. ‘ಎ’ ಅಕ್ಷರದ ಹೊಟ್ಟೆಯಲ್ಲಿ ಅಕ್ಕಿಕಾಳಿನಷ್ಟು ಬಣ್ಣ ಕಿತ್ತುಹೋಗಿತ್ತು. ಪಕ್ಕದಲ್ಲಿ ಸುಮಯ್ಯಳ ಕಂಪ್ಯೂಟರು, ಪ್ರಿಂಟರು. ಅತ್ತೆಯ ಮುಖ ಕಪ್ಪಿಟ್ಟಿತು.

ಮಾರನೆಯ ದಿನ ಅದೇ ಮನೆಯಲ್ಲಿ ಇನ್‌ಸ್ಪೆಕ್ಟರ್, ಚಿಕ್ಕಬಸಪ್ಪ, ಠಾಣೆಯಿಂದ ಕರೆತಂದ ಬಾಬಾ ಜಾನ್, ಸುಮಯ್ಯ ಎಲ್ಲರೂ ಸೇರಿದರು.

“ಕೈಯಲ್ಲಿ ಬರ್ದಿದ್ದು ಯಾವತ್ತೂ ಎರಡು ಸಲ ಒಂದೇ ತರ ಬರಲ್ಲ,” ಅತ್ತೆ ಶುರುಮಾಡಿದರು. “ಚೀಟೀಲಿ ‘ಎ’ ಎರಡು ಕಡೆ ಐತೆ. ಎರಡೂ ಕೂದಲೆಳೆ ವ್ಯತ್ಯಾಸ ಇಲ್ಲ. ಅಂದ್ರೆ ಇದು ಅಚ್ಚಿಂದು. ಯಾರೋ ಬಾಬಾ ಸಾಹೇಬ್ರ ಅಕ್ಷರಾನ ಫೋಟೋ ಹೊಡ್ದು ಕಂಪ್ಯೂಟರಿಗೆ ಇಳಿಸಿದಾರೆ. ಎರಡ್ರ ಹೊಟ್ಟೇಲೂ ಒಂದೇ ಗಾಯ. ಅದೇ ಗಾಯ ಆ ತಗಡಲ್ಲೂ ಐತೆ. ತಗಡು ಈ ಮನೆ ಬಿಟ್ಟು ಹೊರಗೆ ಹೋಗಿಲ್ಲ. ಇಲ್ಲಿ ಕಂಪ್ಯೂಟರ್ ಬಲ್ಲೋರು ಒಬ್ರೇ.”

ಸುಮಯ್ಯ ತಗಡಿನ ಕಡೆ ನೋಡಿದಳು. “ಅಬ್ಬಾನ ಕೈ ನಡುಗ್ತಿತ್ತು. ಅಕ್ಷರಾನಾದ್ರೂ ಉಳೀಲಿ ಅಂತ ಇಳಿಸಿದ್ದೆ. ಆ ಬಣ್ಣ ನಾನೇ ಚಿಕ್ಕವಳಿದ್ದಾಗ ಕಿತ್ತಿದ್ದು, ತಿದ್ದಕ್ಕೆ ಮನಸಾಗ್ಲಿಲ್ಲ. ಬೋರ್ಡ್ ಕಿತ್ತ ದಿನ ಅಬ್ಬಾ ಊಟ ಮಾಡ್ಲಿಲ್ಲ. ಸಿಟ್ಟಲ್ಲಿ ಚೀಟಿ ಪ್ರಿಂಟ್ ತೆಗ್ದು ಅಂಟಿಸ್ದೆ. ಪ್ರಿಂಟಲ್ವಾ, ಯಾರಿಗೂ ಗೊತ್ತಾಗಲ್ಲ ಅನ್ಕೊಂಡೆ.”

ಆ ಅಕ್ಷರ ಕಂಡರೆ ಸೀಮೆಯ ಮಗುವೂ ಬಾಬಾ ಜಾನ್ ಹೆಸರು ಹೇಳುತ್ತದೆಂಬುದು ಅದರ ಜೊತೆಗೇ ಬೆಳೆದವಳಿಗೆ ಹೊಳೆದಿರಲಿಲ್ಲ. ಶಿಲ್ಪಾ ಸುಮಯ್ಯಳ ಮುಖ ನೋಡಲಾರದೆ ಬಾಗಿಲ ಕಡೆ ತಿರುಗಿದಳು. ಅತ್ತೆಯನ್ನು ಹೊರಡಿಸಿದವಳು ತಾನೇ.

“ಆ ಗಾಯ ನಾನೂ ಠಾಣೆಯಲ್ಲೇ ನೋಡಿದ್ದೆ ಅಮ್ಮಾ,” ಎಂದರು ಬಾಬಾ ಜಾನ್. “ಅದಕ್ಕೇ ಒಪ್ಕೊಂಡೆ. ನನಗೆ ಇನ್ನೆಷ್ಟು ದಿನ ಐತೆ? ಜೈಲಲ್ಲಿ ಕಳೀತಿದ್ದೆ. ಯಾಕಮ್ಮಾ ಹುಡುಕಿದ್ರಿ?”

ಸುಮಯ್ಯಳನ್ನು ಜೀಪಿಗೆ ಹತ್ತಿಸಿದರು. ಇನ್‌ಸ್ಪೆಕ್ಟರ್ ಮುದುಕನ ಕಡೆ ತಿರುಗಿ, “ನೀವಿನ್ನು ಮನೇಲಿರಬಹುದು,” ಎಂದರು.